ದೇವರನ್ನು ಬಿಡಿ ಎನ್ನಬೇಡಿ, ಮೊದಲು ಗಾಡಿ ಹತ್ತಿಸಿ

ಗೆಳೆಯರೇ,

ಪವಾಡ ಬಯಲು ಕಾರ್ಯಕ್ರಮಕ್ಕೆ ಊರೂರು ಸುತ್ತುವವರು ನೀವು. ನಿಮ್ಮಲ್ಲಿ ಹೆಚ್ಚಿನವರಿಗೆ ದೇವರಲ್ಲಿ ನಂಬಿಕೆಯಿಲ್ಲ, ಎದುರು ಕೂರುವ ಹೆಚ್ಚಿನವರಿಗೆ ಇದೆ. ಅವರೊಡನೆ ಹೇಗೆ ಮಾತಾಡಬೇಕು ಎಂಬುದನ್ನು ಹಾವು ಕಡಿತದಿಂದಲೇ ಶುರುಮಾಡೋಣ. ಅಲ್ಲಿ ಮಾತು ತಪ್ಪಿದರೆ ಜೀವ ಹೋಗುತ್ತದೆ.

ಗದ್ದೆಯಲ್ಲಿ ಒಬ್ಬರಿಗೆ ಹಾವು ಕಚ್ಚಿದೆ, ಮನೆಯವರು ಮಂತ್ರ ಹಾಕುವವರ ಅಂಗಳಕ್ಕೆ ಕರೆತಂದಿದ್ದಾರೆ ಎನ್ನಿ. ನೀವು ಹೋಗಿ ‘ಇದೆಲ್ಲ ಮೂಢನಂಬಿಕೆ’ ಎಂದ ಕೂಡಲೇ ವಿಷದ ಮಾತು ನಿಂತು ಮನೆತನದ ಮರ್ಯಾದೆಯ ಮಾತು ಶುರುವಾಗುತ್ತದೆ. ಅಜ್ಜನ ಕಾಲದಿಂದ ನಂಬಿದ್ದನ್ನು ನಾಲ್ಕು ಜನರೆದುರು ಯಾರು ಬಿಟ್ಟುಕೊಟ್ಟಾರು? ವಾದದಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಕಚ್ಚಿದ್ದು ಕಟ್ಟುಹಾವಾದರೆ ಆ ಹೊತ್ತಿಗೆ ನೋವು, ಊತ ಕಾಣದಿರಬಹುದು. ‘ನೋಡಿ, ವಿಷ ಇಳೀತು’ ಅನ್ನುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ನಾಲಿಗೆ ತೊದಲುತ್ತದೆ, ಉಸಿರು ಕಟ್ಟುತ್ತದೆ.

ಹಾಗಾಗಿ ಹೇಳಬೇಕಾದ್ದು ಇಷ್ಟೇ: ‘ಅಣ್ಣಾ, ಮಂತ್ರ ನಿಲ್ಲಿಸಬೇಡಿ, ದಾರಿಯುದ್ದಕ್ಕೂ ಹೇಳಿಕೊಂಡು ನೀವೂ ಬನ್ನಿ.’ ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಬೇಕು. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕಚ್ಚಿದ ಕಾಲಿಗೆ ಅಥವಾ ಕೈಗೆ ಮರದ ಪಟ್ಟಿಯಿಟ್ಟು ಅಲುಗಾಡದಂತೆ ಮಾಡಿ. ಕೊಯ್ಯುವುದು, ರಕ್ತ ಹೀರುವುದು ಬೇಡ. ಮಂತ್ರಿಸಿದ ದಾರ ಸಡಿಲವಾಗಿದ್ದರೆ ಇರಲಿ, ಅದರಿಂದ ಯಾವ ಕೇಡೂ ಇಲ್ಲ. ಹಗ್ಗವನ್ನು ಬಿಗಿದು ಕಟ್ಟಿದ್ದರೆ ಮಾತ್ರ ದಾರಿಯಲ್ಲಿ ದಿಢೀರನೆ ಬಿಚ್ಚಬೇಡಿ, ವೈದ್ಯರ ಕಣ್ಣೆದುರೇ ಬಿಚ್ಚಿಸಿ.

ಆಸ್ಪತ್ರೆಯಲ್ಲಿ ಮನೆಯ ಹಿರಿಯರನ್ನು ಹೊರಗೆ ನಿಲ್ಲಿಸಿ ಸುಮ್ಮನಾಗಬೇಡಿ. ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ 2 ಮಿ.ಲೀ. ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಡುತ್ತಾರೆ. ಓರೆ ಮಾಡಿದಾಗ ನೀರಿನಂತೆ ಹರಿದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ, ಮಂಡಲದ ಹಾವಿನ ಜಾತಿಯ ವಿಷ ಏರಿದೆ ಎಂದರ್ಥ. ವೈದ್ಯರು ಒಪ್ಪಿದರೆ ಆ ನಳಿಗೆಯನ್ನು ಹಿರಿಯರಿಗೂ ತೋರಿಸಿ. ನಿಮ್ಮ ಒಂದು ಗಂಟೆಯ ಭಾಷಣ ಮಾಡದ ಕೆಲಸವನ್ನು ಅದು ಮಾಡುತ್ತದೆ. ನಾಗರಹಾವು, ಕಟ್ಟುಹಾವುಗಳ ವಿಷದಲ್ಲಿ ಮಾತ್ರ ರಕ್ತ ಸರಿಯಾಗಿಯೇ ಹೆಪ್ಪುಗಟ್ಟಬಹುದು. ಇದನ್ನೂ ಹೇಳಿ. ಇಲ್ಲದಿದ್ದರೆ ‘ರಕ್ತ ಸರಿಯಿದೆ, ಮನೆಗೆ ಹೋಗೋಣ’ ಎಂದು ಹೊರಡುತ್ತಾರೆ.

ಮಂತ್ರ ಹಾಕುವವರು ಸುಳ್ಳರೇ? ಬಹುಪಾಲು ಅಲ್ಲ ಎಂದೇ ನನ್ನ ತಿಳಿವಳಿಕೆ. ನಮ್ಮ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವಿಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ತಮ್ಮ ಅಂಗಳದಿಂದ ಹತ್ತಾರು ಜನ ನಡೆದುಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅವರು ಕಂಡದ್ದು ನಿಜ, ಕಾರಣ ಬೇರೆ. ಇದನ್ನು ಅವರೆದುರು ಹೀಗೆಯೇ ಹೇಳಬಹುದು, ಯಾರಿಗೂ ಅವಮಾನವಾಗುವುದಿಲ್ಲ.

ಆಸ್ಪತ್ರೆಗೆ ಹೋಗದಂತೆ ತಡೆಯುವವರ ಮಾತು ಬೇರೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಡೆದು ಮಂತ್ರ ಮಾಡುವುದು ಅಪರಾಧ, 1ರಿಂದ 7 ವರ್ಷ ಜೈಲು. ಅದೇ ಕಾಯ್ದೆ ಪೂಜೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳನ್ನು ಮುಟ್ಟುವುದಿಲ್ಲ. ನಮ್ಮ ಮಾತಿಗೂ ಅದೇ ಗೆರೆ ಸಾಕು: ದೇಹಕ್ಕೆ, ಮಾನಕ್ಕೆ ಹಾನಿ ಮಾಡುವ ಕೆಲಸವನ್ನು ಹೆಸರು ಹಿಡಿದು ಖಂಡಿಸಿ, ಕೈಮುಗಿಯುವವರನ್ನು ಅಲ್ಲ.

ಕಲ್ಲು ನಾಗರಕ್ಕೆ ಹಾಲೆರೆದು ದಿಟ ನಾಗರವನ್ನು ಕೊಲ್ಲುವುದನ್ನು ಬಸವಣ್ಣ ಪ್ರಶ್ನಿಸಿದ್ದು ಭಕ್ತನಾಗಿಯೇ. ಆಂಧ್ರದ ನಾಸ್ತಿಕ ಗೋರಾ ಅವರು ಗಾಂಧೀಜಿಯವರೊಡನೆ ದೇವರ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. ಆದರೂ ಗೋರಾ ಮಗಳ ಅಂತರ್ಜಾತಿ ಮದುವೆಯ ಪ್ರತಿಜ್ಞೆಯಲ್ಲಿ ‘ದೇವರು’ ಬದಲು ‘ಸತ್ಯ’ ಎನ್ನಲು ಗಾಂಧೀಜಿ ಒಪ್ಪಿದ್ದರು. ಅಸ್ಪೃಶ್ಯತೆಯ ವಿರುದ್ಧ ಜೊತೆಗೆ ದುಡಿದವರ ನಡುವೆ ಮಾತ್ರ ಅಂಥ ಮಾತು ಸಾಧ್ಯ.

ರೋಗಿ ಗುಣವಾಗಿ ಬಂದಮೇಲೆ ಮನೆಯವರು ಹರಕೆ ತೀರಿಸುತ್ತಾರೆ. ನಿಮಗೂ ಪ್ರಸಾದ ಕೊಡುತ್ತಾರೆ, ತೆಗೆದುಕೊಳ್ಳಿ. ‘ಡಾಕ್ಟರು ಉಳಿಸಿದ್ದು, ದೇವರಲ್ಲ’ ಎಂದು ಅಲ್ಲಿ ಲೆಕ್ಕ ಹಚ್ಚಬೇಡಿ. ಮಾರನೆಯ ದಿನ ಮಂತ್ರ ಹಾಕುವವರ ಮನೆಗೆ ಹೋಗಿ, ಹಾವಿನ ವಿಷಕ್ಕೆ ಇಂಜೆಕ್ಷನ್ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ, ರಾತ್ರಿ ಯಾರು ಇರುತ್ತಾರೆ ಎಂಬುದನ್ನು ತಿಳಿಸಿ, ಆ ಆಸ್ಪತ್ರೆಯ ಫೋನ್ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಅವರ ಜಗಲಿಯ ಗೋಡೆಗೆ ಅಂಟಿಸಿ ಬನ್ನಿ. ಮುಂದಿನ ಸಲವೂ ಜನ ಮೊದಲು ಬರುವುದು ಅಲ್ಲಿಗೇ.