ನಿನ್ನೆ ಬಂದ ಗಿರಾಕಿಯ ಛತ್ರಿ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಫೋರ್ಟ್ ಬಡಾವಣೆಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ನಾನು ಕೆಲವು ವರ್ಷ ಇಂಗ್ಲಿಷ್ ಕಲಿಸಿದೆ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಕೈ ಒರೆಸಿಕೊಳ್ಳುತ್ತ ಓಡಿ ಬರುವ ಹುಡುಗರು. ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ಮಳೆಗಾಲದ ಒಂದು ರಾತ್ರಿ ಅವರಲ್ಲೊಬ್ಬ ಎದ್ದು ನಿಂತ. ಅವನ ಹೋಟೆಲಿನ ಗಲ್ಲಾದ ಪಕ್ಕ ಒಂದು ಛತ್ರಿ ತೂಗುತ್ತಿತ್ತಂತೆ. ಯಾರದ್ದು ಎಂದು ಕೇಳಿದ ಸಾಹೇಬರೊಬ್ಬರಿಗೆ ಇವನು ಇಂಗ್ಲಿಷಿನಲ್ಲಿ ಹೇಳಿದ: ‘ದ ಕಸ್ಟಮರ್ ಕೇಮ್ ಯೆಸ್ಟರ್ಡೇ ಲೆಫ್ಟ್ ಹಿಸ್ ಅಂಬ್ರೆಲಾ.’ ನಿನ್ನೆ ಬಂದ ಗಿರಾಕಿ ಛತ್ರಿ ಬಿಟ್ಟು ಹೋದ, ಅಂತ. ‘ಮಾಷ್ಟ್ರೇ, ಅವರು ನನ್ನ ಮುಖ ನೋಡಿದರು, ಅಷ್ಟೇ. ಎಲ್ಲಿ ತಪ್ಪಿತು?’ ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಅವನು ಹೇಳಿದ ಒಂದೊಂದು ಶಬ್ದವೂ ಸರಿ. ಆದರೂ ವಾಕ್ಯ ನಿಲ್ಲುವುದಿಲ್ಲ.

ನಮ್ಮ ‘ಬಂದ’ ಎಂಬ ಮಾತನ್ನೇ ನೋಡಿ. ‘ಗಿರಾಕಿ ಬಂದ’ ಅಂದರೆ ಮಾತು ಮುಗಿಯಿತು. ‘ಬಂದ ಗಿರಾಕಿ’ ಅಂದರೆ ಮುಗಿಯಲಿಲ್ಲ, ಮುಂದೇನು ಎಂದು ಕಿವಿ ಕಾಯುತ್ತದೆ. ಶಬ್ದ ಅದೇ, ಜಾಗ ಮಾತ್ರ ಬೇರೆ. ಹೆಸರಾದ ಮೇಲೆ ಬಂದರೆ ಸುದ್ದಿ, ಹೆಸರಿಗಿಂತ ಮೊದಲು ಬಂದರೆ ಗುರುತು. ಎಷ್ಟು ಚೆಂದದ ಏರ್ಪಾಡು, ಅಲ್ವಾ?

ಇಂಗ್ಲಿಷಿನಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ‘ನಿನ್ನೆ ಬಂದ’ ಎಂಬಂಥ ಗುರುತಿನ ಮಾತೂ ಹೆಸರಿನ ನಂತರವೇ ಬರಬೇಕು. ‘ದ ಕಸ್ಟಮರ್ ಕೇಮ್’ ಅಂದ ಕೂಡಲೇ ಕೇಳುವವನಿಗೆ ವಾಕ್ಯ ಮುಗಿದಂತೆ. ಆಮೇಲೆ ‘ಲೆಫ್ಟ್’ ಬಂದರೆ, ಬಿಟ್ಟವನು ಯಾರು ಎಂದು ಗಲಿಬಿಲಿ. ಅದಕ್ಕೇ ನಡುವೆ ‘ಹೂ’ ಬೇಕು. ‘ದ ಕಸ್ಟಮರ್ ಹೂ ಕೇಮ್ ಯೆಸ್ಟರ್ಡೇ ಲೆಫ್ಟ್ ಹಿಸ್ ಅಂಬ್ರೆಲಾ.’ ತಡಿ, ಇದು ಬರೀ ಗುರುತು, ಸುದ್ದಿ ಇನ್ನೂ ಮುಂದಿದೆ ಎಂದು ‘ಹೂ’ ಹೇಳುತ್ತದೆ. ವ್ಯಾಕರಣದಲ್ಲಿ ‘ಹೂ ಕೇಮ್ ಯೆಸ್ಟರ್ಡೇ’ ಎಂಬ ಈ ತುಂಡಿಗೆ ರಿಲೇಟಿವ್ ಕ್ಲಾಜ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ.

ಯಾಕೆಂದರೆ ಮುಂಬಯಿ ಕನ್ನಡಿಗರಾದ ನಮಗೆ ಇದು ಹೊಸದೇ ಅಲ್ಲ. ಲೋಕಲ್ ಟ್ರೈನಿನಲ್ಲಿ, ಬಾಜಿ ಮಾರ್ಕೆಟಿನಲ್ಲಿ ದಿನಾ ಹಿಂದಿ ಆಡುತ್ತೇವೆ. ‘ವೋ ಲಡ್ಕಾ ಜೋ ಕಲ್ ಆಯಾ ಥಾ’, ಅಂದರೆ ನಿನ್ನೆ ಬಂದಿದ್ದ ಆ ಹುಡುಗ, ಎಂದು ಸಲೀಸಾಗಿ ಹೇಳುತ್ತೇವೆ. ಮರಾಠಿಯಲ್ಲೂ ‘ಜೋ’ ಇದೆ. ಆ ‘ಜೋ’ ಮಾಡುವ ಕೆಲಸವನ್ನೇ ‘ಹೂ’ ಮಾಡುತ್ತದೆ. ಇಂಗ್ಲಿಷ್ ಮಾತಾಡುವಾಗ ಕನ್ನಡದಿಂದ ಹೊರಡುವ ಬದಲು ಈ ಹಿಂದಿ ವಾಕ್ಯದಿಂದ ಹೊರಡಿ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಒಂದು ಎಚ್ಚರ ಮಾತ್ರ ಬೇಕು. ಹಿಂದಿಯಲ್ಲಿ ಮನುಷ್ಯನಿಗೂ ವಸ್ತುವಿಗೂ ‘ಜೋ’ ಒಂದೇ. ಇಂಗ್ಲಿಷಿನಲ್ಲಿ ಮನುಷ್ಯನಿಗೆ ‘ಹೂ’, ವಸ್ತುವಿಗೆ ‘ವಿಚ್’ ಅಥವಾ ‘ದಟ್’.

ಹಾಗಾದರೆ ‘ದ ಚಟ್ನಿ ಮೇಡ್ ಇನ್ ದ ಮಾರ್ನಿಂಗ್’ ಹೇಗೆ ಸರಿ? ಅಲ್ಲಿ ‘ವಿಚ್’ ಇಲ್ಲವಲ್ಲ? ಚಟ್ನಿ ತಾನೇ ಏನನ್ನೂ ಮಾಡಲಿಲ್ಲ, ಯಾರೋ ಅದನ್ನು ಮಾಡಿದರು. ಹಾಗಿದ್ದಾಗ ‘ವಿಚ್ ವಾಸ್’ ಎರಡನ್ನೂ ಒಟ್ಟಿಗೆ ಬಿಡಬಹುದು. ಗಿರಾಕಿ ತಾನೇ ನಡೆದು ಬಂದವನು, ಅವನಿಗೆ ‘ಹೂ’ ಬಿಡುವಂತಿಲ್ಲ.

ಇನ್ನೊಂದು ಕಡೆ ನಮ್ಮವರು ಜಾಸ್ತಿ ಎಡವುತ್ತಾರೆ. ‘ನಾನು ಬಂದ ಟ್ರೈನು’ ಎನ್ನುತ್ತೇವೆ. ಟ್ರೈನಿನಲ್ಲಿ ಬಂದೆ ಎಂಬ ‘ಅಲ್ಲಿ’ ಕನ್ನಡದಲ್ಲಿ ಉದುರಿ ಹೋಗುತ್ತದೆ, ಆದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಅದು ಉದುರಬಾರದು. ‘ದ ಟ್ರೈನ್ ಐ ಕೇಮ್ ಇನ್’ ಎಂದು ಆ ‘ಇನ್’ ಉಳಿಯಬೇಕು. ಬಂದವನು ನಾನು, ಟ್ರೈನಲ್ಲ, ಅದಕ್ಕೇ ಇಲ್ಲೂ ‘ವಿಚ್’ ಬಿಡಬಹುದು. ‘ಈರುಳ್ಳಿ ಹೆಚ್ಚಿದ ಚಾಕು’ವಿಗೂ ಹಾಗೆಯೇ, ಒಂದು ‘ವಿತ್’ ಬೇಕು.

‘ಹುಲಿ ಕೊಂದ ಹುಡುಗ’ ಅಂದಾಗ ಸತ್ತದ್ದು ಯಾರು? ಹುಲಿಯೋ ಹುಡುಗನೋ ಕನ್ನಡದಲ್ಲಿ ಸಂದರ್ಭವೇ ಹೇಳಬೇಕು. ‘ದ ಬಾಯ್ ಹೂ ಕಿಲ್ಡ್ ದ ಟೈಗರ್’ ಅಂದರೆ ಸಂಶಯವೇ ಇಲ್ಲ. ‘ದ ಬಾಯ್ ದ ಟೈಗರ್ ಕಿಲ್ಡ್’ ಅಂದರೆ ಪಾಪ, ಹುಡುಗ ಹೋದ.

ಕಾಲದ ವಿಷಯ ಸುಲಭ. ಗುರುತಿನ ಕ್ರಿಯಾಪದಕ್ಕೆ ಅದರದೇ ಕಾಲ, ಸುದ್ದಿಯದಕ್ಕೆ ಅದರದು. ‘ದ ಟೀಚರ್ ಹೂ ಟಾಟ್ ಮಿ ಲಿವ್ಸ್ ಇನ್ ಡೊಂಬಿವಲಿ.’ ಕಲಿಸಿದ್ದು ಹಿಂದೆ, ಇರುವುದು ಈಗ. ‘ಇಲ್ಲ’ ಎನ್ನುವಾಗ ಮಾತ್ರ ಜಾಗ್ರತೆ ಬೇಕು. ನಿನ್ನೆ ಬಾರದ ಹುಡುಗ, ನಾಳೆ ಬಾರದ ಹುಡುಗ, ಎಂದೂ ಬಾರದ ಹುಡುಗ, ನಮಗೆ ಎಲ್ಲಕ್ಕೂ ‘ಬಾರದ’ ಒಂದೇ. ಇಂಗ್ಲಿಷಿನಲ್ಲಿ ನಿನ್ನೆಯವನು ‘ಹೂ ಡಿಡ್ ನಾಟ್ ಕಮ್’, ನಾಳೆಯವನು ‘ಹೂ ವಿಲ್ ನಾಟ್ ಕಮ್’. ‘ಡಿಡ್’ ಆಗಲೇ ಭೂತಕಾಲವನ್ನು ಹೊತ್ತಿರುವುದರಿಂದ ‘ಕೇಮ್’ ಬೇಡ, ‘ಕಮ್’ ಸಾಕು.

ಎರಡು ದಿನ ಬಿಟ್ಟು ಆ ಹುಡುಗ ಬಾಗಿಲಲ್ಲೇ ಕೂಗಿದ: ‘ಮಾಷ್ಟ್ರೇ, ದ ಕಸ್ಟಮರ್ ಹೂ ಹ್ಯಾಡ್ ಲೆಫ್ಟ್ ಹಿಸ್ ಅಂಬ್ರೆಲಾ ಕೇಮ್ ಬ್ಯಾಕ್!’ ಆ ‘ಹ್ಯಾಡ್’ ಅನ್ನು ನಾನು ಇನ್ನೂ ಹೇಳಿಕೊಟ್ಟಿರಲಿಲ್ಲ. ಎಲ್ಲಿಂದ ತಂದೆಯೋ ಎಂದು ಕೇಳಿದೆ. ‘ಬಿಟ್ಟು ಹೋದ ಅಲ್ಲ ಮಾಷ್ಟ್ರೇ, ಬಿಟ್ಟು ಹೋಗಿದ್ದ’ ಅಂದ. ಮೊದಲು ಬಿಟ್ಟದ್ದು, ಆಮೇಲೆ ಬಂದದ್ದು. ಆ ವ್ಯತ್ಯಾಸವನ್ನು ಅವನು ತನ್ನ ಕನ್ನಡದಿಂದಲೇ ತಂದಿದ್ದ.

ನಮಸ್ಕಾರ.