ಕೈರುಚಿಯ ಹಾಡು

ಕೇಳುಗರಿಗೆ ನಮಸ್ಕಾರ.

ಕೊರಿಯಾದ ಹಾಡು ನಮ್ಮ ಮನೆಗಳಿಗೆ ಈಗ ಹೊಸದೇನಲ್ಲ. ನನ್ನ ಮಗಳ ಕೋಣೆಯ ಗೋಡೆ ಮೇಲೆ ಏಳು ಹುಡುಗರ ದೊಡ್ಡ ಚಿತ್ರ ಇದೆ. ಆ ಏಳೂ ಹೆಸರು ನನಗೂ ಬಾಯಿಪಾಠ ಆಗಿಬಿಟ್ಟಿದೆ. ಅವಳ ಫೋನಿನಲ್ಲಿ ಒಂದಾದ ಮೇಲೊಂದು ಹಾಡು ಬರುತ್ತಲೇ ಇರುತ್ತದೆ. ಒಂದು ಸಂಜೆ ಹಾಗೆ ಬರುತ್ತಾ ಬರುತ್ತಾ ಒಂದು ಹಳೇ ರೆಕಾರ್ಡಿನ ಹಾಡು ಬಂತು. ಮೂರು ಹೆಣ್ಣುದನಿ, ಕುಣಿಯುವಂಥ ನಡೆ. ಮಗಳು ಮುಂದಿನದಕ್ಕೆ ಹೋಗಲು ಬೆರಳು ಎತ್ತಿದ್ದಳು. ‘ತಡಿ, ಇರಲಿ’ ಅಂದೆ. ಇಡೀ ಹಾಡಿನಲ್ಲಿ ನನಗೆ ಗೊತ್ತಾದದ್ದು ಒಂದೇ ಪದ. ಕಿಮ್ಚಿ. ತರಕಾರಿಗೆ ಉಪ್ಪು ಖಾರ ಹಾಕಿ ಹುಳಿ ಬರಿಸಿದ ಕೊರಿಯಾದ ಉಪ್ಪಿನಕಾಯಿ ಅದು.

ಹಾಡಿನ ಹೆಸರೇ ‘ಕಿಮ್ಚಿ ಕಾಕ್ತುಗಿ’. 1970ರದ್ದು. ಹಾಡಿದವರು ಕಿಮ್ ಸಿಸ್ಟರ್ಸ್. ಆ ಗೋಡೆ ಮೇಲಿನ ಹುಡುಗರು ಅಮೆರಿಕಕ್ಕೆ ಹೋಗುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಅಲ್ಲಿ ಹೆಸರು ಮಾಡಿದ ಕೊರಿಯಾದ ಹುಡುಗಿಯರು ಇವರು. ಸುಕ್‌ಜಾ, ಏಜಾ ಅಕ್ಕತಂಗಿಯರು. ಮಿನ್‌ಜಾ ಅವರ ಸೋದರಮಾವನ ಮಗಳು.

ಇವರ ಮಾತು ಬಂದಾಗ ಜನ ಹೇಳುವುದು ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದ ಬಗ್ಗೆ. ಅದರಲ್ಲಿ ಇವರು ಇಪ್ಪತ್ತಕ್ಕೂ ಜಾಸ್ತಿ ಸಲ ಕಾಣಿಸಿಕೊಂಡರು. ಇಲ್ಲವಾದರೆ ಇವರು ಹಾಡಿದ ‘ಚಾರ್ಲಿ ಬ್ರೌನ್’ ಎಂಬ ಇಂಗ್ಲಿಷ್ ಹಾಡಿನ ಬಗ್ಗೆ. ‘ಕಿಮ್ಚಿ ಕಾಕ್ತುಗಿ’ಗೆ ಸಿಗುವುದು ಒಂದು ಸಾಲು. ತಿಂಡಿಯ ಮೇಲೊಂದು ಖುಷಿಯ ಹಾಡು, ಅಷ್ಟೇ. ನನಗೆ ಅದು ಅಷ್ಟೇ ಅಂತ ಅನ್ನಿಸಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಇವರ ಅಮ್ಮನಿಂದ ಶುರು ಮಾಡಬೇಕು.

ಅಮ್ಮ ಲೀ ನಾನ್‌ಯಂಗ್. ಮೊಕ್ಪೊ ಎಂಬ ಬಂದರು ಊರಿನವರು. ಕೊರಿಯಾ ಜಪಾನಿನ ಕೈಯಲ್ಲಿದ್ದಾಗ, 1935ರಲ್ಲಿ, ‘ಮೊಕ್ಪೊದ ಕಣ್ಣೀರು’ ಎಂಬ ಹಾಡು ಹಾಡಿ ಮನೆಮಾತಾದವರು. ಅಪ್ಪ ಕಿಮ್ ಹೇಸಾಂಗ್ ಸಂಗೀತ ಸಂಯೋಜಕ. 1950ರಲ್ಲಿ ಯುದ್ಧ ಶುರುವಾಯಿತು. ಉತ್ತರ ಕೊರಿಯಾದವರು ಅಪ್ಪನನ್ನು ಹಿಡಿದುಕೊಂಡು ಹೋದರು. ಅವರು ಮನೆಗೆ ವಾಪಸ್ ಬರಲೇ ಇಲ್ಲ. ಅಮ್ಮನ ಕೈಯಲ್ಲಿ ಉಳಿದದ್ದು ಮನೆ ತುಂಬ ಮಕ್ಕಳು, ಮತ್ತೆ ಹಾಡು.

ಆಕೆ ಅಮೆರಿಕದ ಸೈನಿಕರ ಶಿಬಿರಗಳಲ್ಲಿ ಹಾಡತೊಡಗಿದರು. ಆಮೇಲೆ ಹುಡುಗಿಯರನ್ನೂ ತಯಾರು ಮಾಡಿದರು. ಹದಿಹರೆಯ ಆಗಷ್ಟೇ ಶುರುವಾಗಿದ್ದ ಮಕ್ಕಳು. ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಹಾಡಿನ ಸದ್ದನ್ನು ಹಾಗೇ ಕಿವಿಯಲ್ಲಿ ಹಿಡಿದು, ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದರು. ಸರಿಯಾಗಿ ಕಲಿತರೆ ಅಮ್ಮ ಬಾಳೆಹಣ್ಣು ಕೊಡುತ್ತಿದ್ದರಂತೆ. ನಮ್ಮಲ್ಲಿ ಬಾಳೆಹಣ್ಣು ಯಾವ ಅಂಗಡಿಗೆ ಹೋದರೂ ಸಿಗುತ್ತೆ. ಯುದ್ಧದಲ್ಲಿ ನುಜ್ಜುಗುಜ್ಜಾದ ಸಿಯೋಲ್‌ನಲ್ಲಿ ಅದು ಕನಸಿನ ಹಣ್ಣು. ಹಾಡಿದ್ದಕ್ಕೆ ಸೈನಿಕರು ವಿಸ್ಕಿ, ಬಿಯರ್ ಬಾಟಲಿ ಕೊಡುತ್ತಿದ್ದರು. ಅದನ್ನು ಕಾಳಸಂತೆಯಲ್ಲಿ ಕೊಟ್ಟು ಅಕ್ಕಿ ತರಬೇಕು. ಹಾಡು ಕಲಿತರೆ ಮನೆಯಲ್ಲಿ ಅನ್ನ.

1959ರಲ್ಲಿ ಮೂವರೂ ಲಾಸ್ ವೇಗಸ್‌ಗೆ ಹೋದರು. ಥಂಡರ್‌ಬರ್ಡ್ ಹೋಟೆಲಿನಲ್ಲಿ ಕಾರ್ಯಕ್ರಮ. ಅದರ ಹೆಸರು ‘ಚೈನಾ ಡಾಲ್’. ನೋಡಿ, ಕೊರಿಯಾದ ಮಕ್ಕಳು ಚೀನಾದ ಗೊಂಬೆಗಳ ಹೆಸರಿನಲ್ಲಿ ಹಾಡಬೇಕು. ಅಲ್ಲಿಯ ಪ್ರೇಕ್ಷಕರಿಗೆ ಪೂರ್ವದ ಕಡೆಯವರೆಲ್ಲ ಒಂದೇ. ಇವರು ಎಲ್ಲಕ್ಕೂ ಸಿದ್ಧರಾಗಿದ್ದರು. ಸ್ಯಾಕ್ಸೋಫೋನ್, ಕ್ಲಾರಿನೆಟ್, ಡ್ರಮ್, ಬ್ಯಾಂಜೊ, ಬ್ಯಾಗ್‌ಪೈಪ್, ತಮ್ಮ ನಾಡಿನ ತಂತಿವಾದ್ಯ ಗಾಯಾಗುಮ್, ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾ ನುಡಿಸುತ್ತಿದ್ದರು. ಆ ಕಪ್ಪು ಬಿಳುಪು ಚಿತ್ರಗಳನ್ನು ಈಗಲೂ ನೋಡಬಹುದು. ಮುಖದಲ್ಲಿ ನಗು ಒಂದು ಕ್ಷಣವೂ ಆರುವುದಿಲ್ಲ. ನನಗೆ ಅವರ ಮೇಲೆ ತುಂಬ ಅಭಿಮಾನ. ಆದರೆ ನೋಡುತ್ತಾ ಇದ್ದರೆ ಕರುಳು ಚುರ್ ಅನ್ನುತ್ತದೆ. ಹಾಡು ಬೇರೆಯವರದ್ದು, ಭಾಷೆ ಬೇರೆಯವರದ್ದು, ಹೆಸರೂ ಬೇರೆಯವರು ಇಟ್ಟದ್ದು.

ಈಗ 1970ಕ್ಕೆ ಬನ್ನಿ. ‘ಕಿಮ್ಚಿ ಕಾಕ್ತುಗಿ’ ಕೊರಿಯನ್ ಭಾಷೆಯ ಹಾಡು. ಅದರ ಮಾತು ಹೀಗೆ ಹೋಗುತ್ತದೆ. ದೂರದ ಅಮೆರಿಕದಲ್ಲಿ ಹತ್ತು ವರ್ಷ ದಾಟಿತು, ಊರಿನ ನೆನಪಾಗುತ್ತಿದೆ. ಊಟದ ಹೊತ್ತಿಗೆ ಬೀಫ್‌ಸ್ಟೇಕ್ ಬರುತ್ತದೆ, ಬಹಳ ರುಚಿ ಅಂತ ಹೊಗಳುತ್ತಾರೆ. ಏನೇ ಆಗಲಿ, ನಮ್ಮ ಎಲೆಕೋಸಿನ ಕಿಮ್ಚಿಗೆ, ಕಾಕ್ತುಗಿಗೆ ಅದು ಸಾಟಿಯಿಲ್ಲ. ಇಷ್ಟೇ ಸಂಗತಿ. ‘ಹತ್ತು ವರ್ಷ ದಾಟಿತು’ ಅನ್ನುವುದು ಇಲ್ಲಿ ಪ್ರಾಸಕ್ಕೆ ಹಾಕಿದ ಮಾತಲ್ಲ. 1959ರಿಂದ 1970, ಲೆಕ್ಕ ಹಾಕಿ. ಹಾಡುತ್ತಿರುವವರ ಸ್ವಂತ ಬದುಕಿನ ಲೆಕ್ಕ ಅದು.

ಕಾಕ್ತುಗಿ ಅಂದರೆ ಮೂಲಂಗಿಯ ಕಿಮ್ಚಿ. ಬಿಳಿ ಮೂಲಂಗಿಯನ್ನು ದಾಳದ ಹಾಗೆ ಚೌಕ ಚೌಕವಾಗಿ ಹೆಚ್ಚಬೇಕು. ಉಪ್ಪು ಹಾಕಿ ನೀರು ಬಿಡಿಸಬೇಕು. ಕೆಂಪು ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಉಪ್ಪಿನಲ್ಲಿ ಹುದುಗಿಸಿದ ಪುಟ್ಟ ಸೀಗಡಿ ಹಾಕಿ ಕೈಯಲ್ಲೇ ಚೆನ್ನಾಗಿ ಕಲಸಿ, ಜಾಡಿಯಲ್ಲಿ ಹುಳಿ ಬರಲು ಬಿಡಬೇಕು. ಆ ಹೆಸರಿನಲ್ಲೇ ಹೆಚ್ಚುವ ಸದ್ದಿದೆ. ಚೌಕವಾಗಿ ಹೆಚ್ಚುವುದಕ್ಕೆ ಕೊರಿಯನ್ನರು ‘ಕಾಕ್ತುಕ್’ ಅನ್ನುತ್ತಾರೆ. ನಾವು ಕಚಕಚ ಕೊಚ್ಚಿದ, ಕಟಕಟ ಕಡಿದ ಅನ್ನುವುದಿಲ್ಲವಾ, ಹಾಗೆ. ಹಾಡಿನ ಪಲ್ಲವಿಯಲ್ಲಿ ಈ ಪದ ಎರಡು ಸಲ ಬರುತ್ತದೆ. ‘ಕಿಮ್ಚಿ ಕಾಕ್ತುಗಿ, ಕಾಕ್ತುಗಿ’. ಮೊದಲ ‘ಕಾ’ ಗಂಟಲಿನಲ್ಲಿ ಬಿಗಿ ಹಿಡಿದು ಬಿಟ್ಟ ಹಾಗೆ ಬರುತ್ತದೆ. ಹಲ್ಲಿಗೆ ಮೂಲಂಗಿ ಸಿಕ್ಕಂತೆಯೇ. ಅರ್ಥ ಗೊತ್ತಿಲ್ಲದ ಭಾಷೆಯ ಸದ್ದನ್ನು ಚಿಕ್ಕಂದಿನಿಂದ ಬಾಯಲ್ಲಿ ಹೊತ್ತುಕೊಂಡು ತಿರುಗಿದವರು ಇವರು. ಇಲ್ಲಿ ಮಾತ್ರ ಪ್ರತಿ ಅಕ್ಷರದ ರುಚಿಯೂ ಅವರ ನಾಲಿಗೆಗೆ ಗೊತ್ತು. ನಾನು ಎಷ್ಟು ಸಲ ಕೇಳಿದರೂ ಬಂದು ನಿಲ್ಲುವುದು ಆ ಎರಡು ಪದದ ಹತ್ತಿರವೇ.

ಆ ಕಾಲದ ಅಮೆರಿಕದಲ್ಲಿ ಕೊರಿಯಾದವರು ತೀರಾ ಕಡಿಮೆ. ಏಷ್ಯಾದವರು ವಲಸೆ ಬರುವುದು ಸುಲಭವಾದದ್ದೇ 1965ರ ಕಾಯ್ದೆಯ ನಂತರ. ವೇಗಸ್ ಮರುಭೂಮಿಯ ಊರು. ಅಲ್ಲಿ ಕಿಮ್ಚಿ ಎಲ್ಲಿಂದ ಬರಬೇಕು? ಅದೇ ಅರವತ್ತರ ದಶಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋದ ಕೊರಿಯಾದ ಸೈನಿಕರೂ ಕಿಮ್ಚಿ ಇಲ್ಲದೆ ಸೊರಗಿದ್ದರು. ಅವರಿಗೆ ಡಬ್ಬಿ ಕಿಮ್ಚಿ ಕಳಿಸಲು ಸರ್ಕಾರವೇ ಓಡಾಡಿತು. ಇವತ್ತು ನಮ್ಮ ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲೂ ಕಿಮ್ಚಿ ಸೀಸೆ ಸಾಲಾಗಿ ನಿಂತಿದೆ. 2013ರಲ್ಲಿ ಯುನೆಸ್ಕೋ ಕೂಡ, ಮನೆಮಂದಿ ಸೇರಿ ಕಿಮ್ಚಿ ಹಾಕುವ ಪದ್ಧತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಆದರೆ 1970ರಲ್ಲಿ ಅದು ಬೇರೆಯವರ ಮೂಗಿಗೆ ಬರೀ ಬೆಳ್ಳುಳ್ಳಿ ವಾಸನೆ. ಅಂಥದ್ದರಲ್ಲಿ ಅದೇ ಜಗತ್ತಿನಲ್ಲಿ ಮೇಲು ಅಂತ ಮೂವರು ತಾರೆಯರು ನಗುನಗುತ್ತಾ ಹಾಡುತ್ತಾರೆ.

ನಾನು ಮೊದಲ ಸಲ ಊರು ಬಿಟ್ಟು ಹೊರಟಾಗ ಅಮ್ಮ ಒಂದು ಜಾಡಿ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದರು. ರೈಲಿನಲ್ಲಿ ಅದು ಸೋರಿ ಬಿಳಿ ಅಂಗಿಯೆಲ್ಲ ಕೆಂಪಾಯಿತು. ಹಾಸ್ಟೆಲಿನ ನಲ್ಲಿಯ ಕೆಳಗೆ ಅಂಗಿ ಒಗೆಯುತ್ತಾ, ಆ ಸೊನೆಯ ವಾಸನೆಗೆ ಕಣ್ಣು ತುಂಬಿ ಬಂದಿತ್ತು. ಆ ಕಲೆ ಪೂರ್ತಿ ಹೋಗಲಿಲ್ಲ. ಅಂಗಿಯನ್ನು ನಾನು ಬಿಸಾಡಲೂ ಇಲ್ಲ.

ಕೊರಿಯನ್ ಭಾಷೆಯಲ್ಲಿ ‘ಸೊನ್‌ಮತ್’ ಎಂಬ ಮಾತಿದೆ. ಸೊನ್ ಅಂದರೆ ಕೈ. ಮತ್ ಅಂದರೆ ರುಚಿ. ಕೈರುಚಿ! ನಾವು ‘ಅಮ್ಮನ ಕೈರುಚಿ’ ಅನ್ನುವಲ್ಲಿ ಅವರೂ ಅದನ್ನೇ ಅನ್ನುತ್ತಾರೆ. ಎಲ್ಲಿಯ ಕೊರಿಯಾ, ಎಲ್ಲಿಯ ನಾವು. ಇದು ಗೊತ್ತಾದ ದಿನ ನನಗೆ ಈ ಹಾಡು ಇನ್ನೊಂದು ಸಲ ಹೊಸದಾಗಿ ಕೇಳಿಸಿತು. ಯಾಕೆಂದರೆ ಅಮ್ಮ ಲೀ ನಾನ್‌ಯಂಗ್ 1965ರಲ್ಲೇ ತೀರಿಕೊಂಡಿದ್ದರು. ಅದಕ್ಕೆ ಮುಂಚೆ ಒಮ್ಮೆ ಅಮೆರಿಕಕ್ಕೆ ಬಂದು, ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಮಕ್ಕಳ ಜೊತೆ ನಿಂತು ಹಾಡಿದ್ದರು. ‘ಕಿಮ್ಚಿ ಕಾಕ್ತುಗಿ’ ರೆಕಾರ್ಡ್ ಆಗುವ ಹೊತ್ತಿಗೆ ಬಾಳೆಹಣ್ಣು ಕೊಟ್ಟು ಹಾಡು ಕಲಿಸಿದ ಆ ಕೈ ಇರಲಿಲ್ಲ. ಹಾಡಿನಲ್ಲಿ ಅಮ್ಮ ಎಂಬ ಮಾತನ್ನು ನಾನು ಹುಡುಕಿದೆ. ಪಲ್ಲವಿಯಲ್ಲಿ ಇರುವುದು ಕಿಮ್ಚಿ, ಕಾಕ್ತುಗಿ, ಮಲಗಿದರೂ ಎದ್ದರೂ ಮರೆಯಲಾಗದು ಎಂಬ ಒಂದು ಮಾತು.

ಮೊನ್ನೆ ಮಗಳು ಅಡುಗೆಮನೆಗೆ ಬಂದಳು. ನಾನು ಸಾರಿಗೆ ಮೂಲಂಗಿ ಹೆಚ್ಚುತ್ತಿದ್ದೆ. ನನ್ನ ಕೈಯಿಂದ ಚಾಕು ತೆಗೆದುಕೊಂಡು, ಬಿಲ್ಲೆ ಬೇಡ ಅಂತ ಚೌಕ ಚೌಕವಾಗಿ ಹೆಚ್ಚತೊಡಗಿದಳು. ಹೆಚ್ಚುತ್ತಾ ಆ ಪಲ್ಲವಿಯನ್ನೇ ಗುನುಗುತ್ತಿದ್ದಳು.