ಎಲೆ ಮಗುಚಿ ನೋಡಿ: ಮೆಣಸಿನ ಗಿಡಕ್ಕೆ ಬರುವ ಬೂದಿ ರೋಗ

ರೈತ ಬಾಂಧವರೇ, ನಮಸ್ಕಾರ.

ದೀಪಾವಳಿ ಕಳೆದು ಇಬ್ಬನಿ ಬೀಳುವ ಹೊತ್ತಿಗೆ ಹಾವೇರಿ, ಧಾರವಾಡ, ಗದಗ ಕಡೆಯ ಎರೆಹೊಲಗಳಲ್ಲಿ ಬ್ಯಾಡಗಿ ಮೆಣಸಿನ ಗಿಡ ಕಾಯಿ ತುಂಬಿಕೊಂಡು ನಿಂತಿರುತ್ತದೆ. ಮಳೆ ನಿಂತು, ಹಗಲು ಒಣ ಹವೆ, ರಾತ್ರಿ ತಂಪು ಇರುವ ಈ ದಿನಗಳೇ ಬೂದಿ ರೋಗಕ್ಕೂ ಹೇಳಿ ಮಾಡಿಸಿದಂಥವು.

ಮೊದಲು ಬುಡದ ಕಡೆಯ ಬಲಿತ ಎಲೆಗಳ ಮೇಲೆ ತಿಳಿ ಹಳದಿ ಮಚ್ಚೆ ಕಾಣುತ್ತದೆ. ಎಲೆ ಹಣ್ಣಾಗುತ್ತಿದೆ ಅಂತಲೋ, ಗೊಬ್ಬರ ಸಾಲದು ಅಂತಲೋ ಅಂದುಕೊಂಡು ಯೂರಿಯಾ ಹಾಕುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಆ ಎಲೆಯನ್ನು ಕಿತ್ತು ಮಗುಚಿ ನೋಡಿ. ಮಚ್ಚೆಯ ಹಿಂಬದಿಗೆ ಸರಿಯಾಗಿ ತೆಳುವಾಗಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಇದ್ದರೆ, ಅದೇ ಬೂದಿ ರೋಗ. ಎಲೆ ಮುದುಡಿಸುವ ಮುಟುರು ರೋಗದ ಲಕ್ಷಣ ತುದಿಯ ಎಳೆ ಎಲೆಗಳಲ್ಲಿ ಕಾಣುತ್ತದೆ. ಬೂದಿ ರೋಗ ಕೆಳಗಿನ ಎಲೆಗಳಿಂದ ಮೇಲಕ್ಕೆ ಏರುತ್ತದೆ.

ಬೇರೆ ಎಷ್ಟೋ ಬೆಳೆಗಳಲ್ಲಿ ಬೂದಿ ರೋಗದ ಶಿಲೀಂಧ್ರ ಎಲೆಯ ಮೇಲ್ಮೈಯಲ್ಲೇ ಬೆಳೆಯುತ್ತದೆ. ಮೆಣಸಿನಲ್ಲಿ ಹಾಗಲ್ಲ. ಇದು ಎಲೆಯ ಒಳಗೆ ಹೊಕ್ಕು ಬೆಳೆದು, ಎರಡು ಮೂರು ವಾರ ಸುಳಿವೇ ಕೊಡದೆ, ಆಮೇಲೆ ಕೆಳಬದಿಯ ಸಣ್ಣ ರಂಧ್ರಗಳಿಂದ ಹೊರಗೆ ಬರುತ್ತದೆ. ಅಲ್ಲಿಂದ ಗಾಳಿಯೇ ಅದನ್ನು ಹೊಲದಿಂದ ಹೊಲಕ್ಕೆ ಸಾಗಿಸುತ್ತದೆ. ಟೊಮ್ಯಾಟೊ, ಬದನೆಗೂ ಇದೇ ರೋಗ ತಗಲುತ್ತದೆ. ಹತ್ತಿರದಲ್ಲಿ ಆ ಬೆಳೆ ಇದ್ದರೆ ಅದನ್ನೂ ನೋಡಿ.

ರೋಗ ಜಾಸ್ತಿಯಾದರೆ ಎಲೆ ಉದುರುತ್ತದೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ನೆರಳು ಹೋದ ಕಾಯಿಗೆ ನೇರ ಬಿಸಿಲು ತಾಗಿ ಬಿಳಿಚಿಕೊಳ್ಳುತ್ತದೆ, ಹೊಸ ಕಾಯಿ ಸಣ್ಣದಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಇದು ಈ ಸೀಮೆಯದೇ ಬೆಳೆ ಎಂಬ ಮಾನ್ಯತೆ, ಪಡೆದ ಈ ಕಾಯಿ ಮಾರುಕಟ್ಟೆಗೆ ಬಿಳಿ ಮಚ್ಚೆ ಹೊತ್ತು ಹೋದರೆ ವರ್ಷದ ದುಡಿಮೆಯೇ ಕೈಬಿಟ್ಟ ಹಾಗೆ, ಅಲ್ವಾ?

ಮೊದಲ ಮಚ್ಚೆ ಕಂಡ ಕೂಡಲೇ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಸಿಂಪಡಿಸಿ. 15 ಲೀಟರಿನ ಕ್ಯಾನಿಗೆ 45 ಗ್ರಾಂ ಆಯಿತು. ಗಂಧಕದಿಂದ ನುಸಿಯೂ ಹತೋಟಿಗೆ ಬರುತ್ತದೆ. ಆದರೆ ಉರಿ ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ, ಬೆಳಿಗ್ಗೆ ಅಥವಾ ಸಂಜೆ ಹೊಡೆಯಿರಿ. ಬೇವಿನೆಣ್ಣೆಯ ಜೊತೆ ಬೆರೆಸಬೇಡಿ. ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟು ಗಂಧಕ ಹೊಡೆಯಿರಿ.

ಗಂಧಕ ಕೆಲಸ ಮಾಡುವುದು ಎಲೆಯ ಹೊರಗೆ. ರೋಗ ಒಳಗೆ ಹೊಕ್ಕು ಹರಡಿದ್ದರೆ ಟೆಬುಕೊನಜೋಲ್ ಅಥವಾ ಅಜಾಕ್ಸಿಸ್ಟ್ರೋಬಿನ್, ಯಾವುದಾದರೂ ಒಂದನ್ನು ಲೀಟರಿಗೆ 1 ಮಿಲಿಲೀಟರ್ ಬೆರೆಸಿ ಸಿಂಪಡಿಸಿ. ಮುಂದಿನ ಸಲಕ್ಕೆ ಇನ್ನೊಂದನ್ನು ಬಳಸಿ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರ ಅದಕ್ಕೆ ಜಗ್ಗುವುದಿಲ್ಲ.

ಸಿಂಪರಣೆಯ ನಳಿಕೆಯನ್ನು ಗಿಡದ ಬುಡದಿಂದ ಮೇಲ್ಮುಖವಾಗಿ ಹಿಡಿಯಿರಿ. ಎಲೆಯ ಹಿಂಬದಿ ನೆನೆಯದಿದ್ದರೆ ಔಷಧಿ, ಕೂಲಿ ಎರಡೂ ದಂಡ. ಕಾಯಿ ಬಿಡಿಸುವುದಕ್ಕೆ ಎಷ್ಟು ದಿನ ಮುಂಚೆ ಸಿಂಪರಣೆ ನಿಲ್ಲಿಸಬೇಕು ಅನ್ನುವುದು ಡಬ್ಬಿಯ ಚೀಟಿಯಲ್ಲೇ ಇರುತ್ತದೆ. ಅದನ್ನು ಓದದೆ ಕಾಯಿ ಬಿಡಿಸಬೇಡಿ.

ಅನುಮಾನ ಇದ್ದರೆ ರೋಗ ತಗುಲಿದ ನಾಲ್ಕಾರು ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಫೋನಿನಲ್ಲೇ ಕೇಳುವುದಾದರೆ ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551. ಕನ್ನಡದಲ್ಲೇ ಮಾತಾಡಬಹುದು. ನಮಸ್ಕಾರ.